ಮಂಗಳವಾರದ ಮನೆ

"ಯಾಕೋ, ಹೋದ ಮಂಗಳವಾರ ಬರಲೇ ಇಲ್ಲ?"

ಹಳೇ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ಕಾಲಕ್ಕೆ ಕೇಳಿಬರುತ್ತಿದ್ದ ಪ್ರಶ್ನೆ ಇದು. ಕೇಳುವವರು ಮನೆಯೊಡತಿ, ಕೈಯಲ್ಲಿ ಸಾರಿನ ಸೌಟು. ಕೇಳಿಸಿಕೊಳ್ಳುವವನು ಎಲೆಯ ಮುಂದೆ ತಲೆ ತಗ್ಗಿಸಿ ಕೂತ ಹನ್ನೆರಡು-ಹದಿಮೂರರ ಹುಡುಗ. ನೆಂಟನಲ್ಲ, ನೆರೆಮನೆಯವನೂ ಅಲ್ಲ. ಕೋಲಾರದ ಕಡೆಯಿಂದಲೋ ಮಾಗಡಿಯ ಕಡೆಯಿಂದಲೋ ಓದುವುದಕ್ಕೆಂದು ಬಂದವನು. ಮಂಗಳವಾರದ ಮಟ್ಟಿಗೆ ಅವನು ಆ ಮನೆಯವನು. ಬುಧವಾರಕ್ಕೆ ಎರಡು ಬೀದಿ ಆಚೆಯ ವಕೀಲರ ಮನೆ, ಗುರುವಾರಕ್ಕೆ ಮೇಷ್ಟರ ಮನೆ, ಶುಕ್ರವಾರಕ್ಕೆ ಅರ್ಚಕರ ಮನೆ. ಹೀಗೆ ಏಳು ದಿನಕ್ಕೆ ಏಳು ಮನೆ ಹೊಂದಿಸಿಕೊಂಡರೆ ಆ ವರ್ಷದ ಓದಿಗೆ ಊಟದ ಯೋಚನೆ ಇಲ್ಲ. ಇದೇ ವಾರಾನ್ನ.

ಹೊಂದಿಸಿಕೊಳ್ಳುವುದು ಸುಲಭವಿರಲಿಲ್ಲ. ಐದು ಮನೆ ಸಿಕ್ಕಿ ಎರಡು ಸಿಗದಿದ್ದರೆ ಆ ಎರಡು ದಿನ ನೀರು ಕುಡಿದು ಮಲಗಬೇಕು. ಏಕಾದಶಿ ಬಂದರೆ ಮನೆಯವರಿಗೆಲ್ಲ ಉಪವಾಸ, ಪುಣ್ಯ ಅವರಿಗೆ, ಹಸಿವು ಇವನಿಗೂ ಪಾಲು. ಮನೆಯಲ್ಲಿ ಸೂತಕ ಬಂದರೆ ಹತ್ತು ದಿನ ಆ ಬಾಗಿಲು ಮುಚ್ಚಿದಂತೆಯೇ. ಊಟಕ್ಕೆ ಪ್ರತಿಯಾಗಿ ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂ ಬಿಡಿಸಿ ತರುವುದು, ಅಂಗಡಿಗೆ ಓಡುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಸುವುದು. ಇಷ್ಟೆಲ್ಲ ಇದ್ದರೂ ಹಳೇ ಮೈಸೂರು ಸೀಮೆಯ ಬಡ ಹುಡುಗರ ಒಂದು ದೊಡ್ಡ ಗುಂಪು ಹೀಗೆಯೇ ಓದಿ ಮೇಲೆ ಬಂತು. "ವಾರ ಮಾಡಿಕೊಂಡು ಓದಿದವರು" ಎಂಬ ಮಾತನ್ನು ಈಗಲೂ ಹಿರಿಯರ ಬಾಯಲ್ಲಿ ಕೇಳಬಹುದು. ಅದರಲ್ಲಿ ಸ್ವಲ್ಪ ಹೆಮ್ಮೆ, ಸ್ವಲ್ಪ ನೋವು ಎರಡೂ ಇರುತ್ತವೆ.

ವಾರಾನ್ನವನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಬಡತನದ ಜೊತೆಗೆ ಸಾವು, ಹೊಡೆತ, ಅಗಲಿಕೆ ಕಂಡು ಮನಸ್ಸಿಗೆ ಗಾಯ ಮಾಡಿಕೊಂಡ ಮಕ್ಕಳಿಗೆ ಊರು ಏನು ಮಾಡಬಹುದು ಎಂಬ ಪ್ರಶ್ನೆಗೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಎಂಬ ಮೂರು ಬಡಾವಣೆಗಳು ನೂರು ವರ್ಷದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. ಕೆಲವು ಉತ್ತರ ಸರಿ ಇದ್ದವು, ಕೆಲವು ಅರ್ಧ ಸರಿ ಇದ್ದವು. ಯಾವುದು ಯಾವ ಅರ್ಧ ಎಂದು ಬಿಡಿಸಿ ನೋಡಿದರೆ ಇವತ್ತಿಗೆ ಉಪಯೋಗವಿದೆ.

ಈ ಬಡಾವಣೆಗಳ ಬುಡದಲ್ಲೇ ಒಂದು ದೊಡ್ಡ ಸಾವಿನ ನೆನಪಿದೆ. ಚಾಮರಾಜಪೇಟೆ 1892ರ ಹೊತ್ತಿಗೆ ಕೋಟೆಯ ಆಚೆ ಹುಟ್ಟಿಕೊಂಡಿತ್ತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆ ಬಿಟ್ಟು ಜನ ಬಯಲಿಗೆ ಓಡಿದರು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಮನೆಮನೆಯೂ ಬರಿದಾಯಿತು. ಗಾಳಿ ಬೆಳಕಿರುವ ಅಗಲ ರಸ್ತೆ, ಮನೆಯ ಹಿಂದೆ ಓಣಿ, ಸಾಲುಮರ ಇಟ್ಟು ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು ಆ ಭಯದ ಬೆನ್ನಿಗೆ. ಊರಿನ ಅಲ್ಲಲ್ಲಿ ಉಳಿದಿರುವ ಪ್ಲೇಗಿನಮ್ಮನ ಗುಡಿಗಳು ಆ ಕಾಲಕ್ಕೆ ಸಾಕ್ಷಿ. ಪ್ಲೇಗು ಹೋದ ಮೇಲೆ ಉಳಿದದ್ದು ತಬ್ಬಲಿ ಮಕ್ಕಳು, ಎಳೆಯ ವಿಧವೆಯರು, ದುಡಿಯುವ ಕೈ ಕಳೆದುಕೊಂಡ ಸಂಸಾರಗಳು. ಹೊಸ ಬಡಾವಣೆಯಲ್ಲಿ ನೆಲೆಯಾದ ಗುಮಾಸ್ತ, ವಕೀಲ, ಮೇಷ್ಟರ ಕುಟುಂಬಗಳಿಗೆ ಬಡತನ ಪುಸ್ತಕದಲ್ಲಿ ಓದಿದ ವಿಷಯವಾಗಿರಲಿಲ್ಲ. ಬಹುಪಾಲು ಮಂದಿ ಅದರಿಂದ ಒಂದೇ ತಲೆಮಾರು ದಾಟಿ ಬಂದಿದ್ದರು.

ಪ್ಲೇಗಿನ ಆ ಗಾಯ ಎಷ್ಟು ದೂರ ಚಾಚಿತ್ತು ಎಂಬುದಕ್ಕೆ ಎಸ್.ಎಲ್. ಭೈರಪ್ಪನವರ ಬಾಲ್ಯವೇ ಉದಾಹರಣೆ. ಹಾಸನ ಸೀಮೆಯ ಸಂತೇಶಿವರದ ಆ ಹುಡುಗ ಚಿಕ್ಕಂದಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ. ಆಮೇಲೆ ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ವಾರಾನ್ನ ಉಂಡುಕೊಂಡು ಓದಿದ. ಆತ್ಮಕಥೆ 'ಭಿತ್ತಿ'ಯಲ್ಲಿ ಆ ಹಸಿವನ್ನೂ ಅವಮಾನವನ್ನೂ ಭೈರಪ್ಪ ಮುಚ್ಚಿಡದೆ ಬರೆದಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ವಿಶ್ವೇಶ್ವರಯ್ಯನವರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಬೆಂಗಳೂರಿಗೆ ಬಂದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿ ಅಲ್ಲೇ ಆಸರೆ ಪಡೆದರು; 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಅಣೆಕಟ್ಟು ಕಟ್ಟಿದ ಎಂಜಿನಿಯರನ್ನು ಎಲ್ಲರೂ ಬಲ್ಲೆವು. ಆ ಹುಡುಗನಿಗೆ ಮನೆಯ ಬಾಗಿಲು ತೆರೆದ ಕುಟುಂಬವನ್ನು ನೆನೆಯುವವರು ಕಡಿಮೆ.

ಬಸವನಗುಡಿಯ ಮಟ್ಟಿಗೆ ಹೇಳುವುದಾದರೆ ಎಚ್. ನರಸಿಂಹಯ್ಯನವರ ಕಥೆಯಿಂದಲೇ ಶುರು ಮಾಡಬೇಕು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಕಡು ಬಡವರ ಮನೆಯಲ್ಲಿ ಹುಟ್ಟಿದವರು. ಊರಿನ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಹುಡುಗನ ಬುದ್ಧಿ ಕಂಡಿದ್ದ ಅವರು ಇಲ್ಲಿಗೆ ಬಾ ಎಂದು ಕರೆದರು. ಬಸ್ಸಿಗೆ ಕಾಸಿಲ್ಲ. 1935ರಲ್ಲಿ ಆ ಹುಡುಗ ಹೊಸೂರಿನಿಂದ ಬಸವನಗುಡಿಯವರೆಗಿನ ಸುಮಾರು 85 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದು ಬಂದ. ಬಡ ಹುಡುಗರಿಗಾಗಿ ಇದ್ದ ಆಶ್ರಯದಲ್ಲಿ ಉಂಡು ಮಲಗಿ ಓದಿದ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದು, ಭೌತವಿಜ್ಞಾನ ಕಲಿತು, 1946ರಲ್ಲಿ ಅದೇ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕನಾದ. ಅಮೆರಿಕದ ಓಹಾಯೊದಲ್ಲಿ ಪಿಎಚ್.ಡಿ. ಮಾಡಿಕೊಂಡು ಬಂದು ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮನೆ ಮಾತ್ರ ಮಾಡಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ವಾಸ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. ಸುತ್ತ ಹಳ್ಳಿಯಿಂದ ಬಂದ ಹುಡುಗರು. ದೊಡ್ಡವರಾದ ಮೇಲೂ ಆ ಹುಡುಗರ ನಡುವೆಯೇ ಉಳಿದದ್ದು ಬರೀ ಸರಳತೆಯ ಪ್ರದರ್ಶನವಾಗಿರಲಿಲ್ಲ. ತನ್ನನ್ನು ಒಬ್ಬ ಮೇಷ್ಟರು ಗುರುತಿಸಿದ್ದರಿಂದ ತಾನು ಬದುಕಿದೆ ಎಂಬುದು ಅವರಿಗೆ ಗೊತ್ತಿತ್ತು. ಗುರುತಿಸಬೇಕಾದರೆ ಹತ್ತಿರದಲ್ಲಿರಬೇಕು.

ಈ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ಎಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ನಲವತ್ತು ವರ್ಷ ತುಂಬುವವರೆಗೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಬಡತನ, ಕುಡುಕ ತಂದೆ, ಮಾನಸಿಕ ಕಾಯಿಲೆಯ ತಾಯಿ, ಒಡೆದ ಸಂಸಾರ ಹೀಗೆ ಹಲವು ಕಷ್ಟ ಒಟ್ಟಿಗೆ ಮುತ್ತಿಕೊಂಡ ಮಕ್ಕಳಲ್ಲಿ ಬಹಳ ಮಂದಿ ಎಡವಿದರು. ಆದರೆ ಅಂಥವರಲ್ಲೇ ಸುಮಾರು ಮೂರನೆಯ ಒಂದು ಪಾಲು ಗಟ್ಟಿಯಾಗಿ ನಿಂತರು. ಓದಿದರು, ದುಡಿದರು, ಸಂಸಾರ ಮಾಡಿದರು. ಇವರಿಗೆ ಇದ್ದು ಉಳಿದವರಿಗೆ ಇಲ್ಲದಿದ್ದುದೇನು ಎಂದು ಹುಡುಕಿದಾಗ ಸಿಕ್ಕ ಉತ್ತರಗಳಲ್ಲಿ ಮುಖ್ಯವಾದದ್ದು ತೀರ ಸರಳ. ಅಜ್ಜಿಯೋ, ಅತ್ತೆಯೋ, ಮೇಷ್ಟರೋ, ಪಕ್ಕದ ಮನೆಯವರೋ, ಅಂತೂ ಮಗುವನ್ನು ಬಿಡದೆ ಹಚ್ಚಿಕೊಂಡ ಒಬ್ಬ ದೊಡ್ಡವರು ಇದ್ದರು.

ಒಬ್ಬ ದೊಡ್ಡವರು ಇಲ್ಲದಿದ್ದರೆ ಏನಾಗುತ್ತದೆ? ಅಪಾಯ ಕಂಡಾಗ ನಮ್ಮ ಮೈಯಲ್ಲಿ ಒಂದು ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಓಡು ಇಲ್ಲವೇ ತಿರುಗಿ ಬೀಳು ಎಂದು ಮೈ ಸಜ್ಜಾಗುತ್ತದೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ದಿನವೂ ಹೊಡೆತ ತಿನ್ನುವ, ಕಣ್ಣೆದುರು ಸಾವು ಕಂಡ, ರಾತ್ರಿ ಯಾರು ಬಾಗಿಲು ತಟ್ಟುತ್ತಾರೋ ಎಂದು ಹೆದರಿ ಮಲಗುವ ಮಗುವಿಗೆ ಆ ಗಂಟೆ ನಿಲ್ಲುವುದೇ ಇಲ್ಲ. ಅಂಥ ಹುಡುಗ ತರಗತಿಯಲ್ಲಿ ಪಾಠ ಕೇಳುತ್ತಿರುವಂತೆ ಕಂಡರೂ ಅವನ ಕಿವಿ ಬಾಗಿಲಿನ ಸದ್ದಿಗೆ ನೆಟ್ಟಿರುತ್ತದೆ. ಭುಜ ಮುಟ್ಟಿದರೆ ಸಿಡಿಯುತ್ತಾನೆ. ಹುಡುಗಿಯಾದರೆ ಬಹಳ ಸಲ ಸುಮ್ಮನಾಗುತ್ತಾಳೆ. ಮೊದಲನೆಯವನಿಗೆ ನಾವು ಇಡುವ ಹೆಸರು "ಪುಂಡ". ಎರಡನೆಯವಳಿಗೆ "ಪಾಪ, ತುಂಬ ಸಾಧು". ಎರಡೂ ತಪ್ಪು ಓದು.

1998ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಿಂದ ಬಂದ ಒಂದು ಅಧ್ಯಯನ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತಿತರರು ಸಾವಿರಾರು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಚಿಕ್ಕಂದಿನ ಕಹಿ ಅನುಭವ ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನ ಮಾತ್ರವಲ್ಲ, ಹೃದಯದ ಕಾಯಿಲೆಯೂ ಹೆಚ್ಚು ಎಂದು ಕಂಡುಬಂತು. ಮನಸ್ಸಿನ ಗಾಯ ಮೈಯಲ್ಲಿ ಹುಣ್ಣಾಗಿ ಏಳುತ್ತದೆ ಎಂಬುದು ನಮ್ಮ ಅಜ್ಜಿಯರಿಗೆ ಹೊಸ ವಿಷಯವಾಗಿರಲಾರದು. ಆದರೆ ಈಗ ಅದಕ್ಕೆ ಲೆಕ್ಕವಿದೆ. ನಮ್ಮದೇ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಮಹಾನಗರಗಳಲ್ಲಿ ಆ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ. ನಲವತ್ತು ಮಕ್ಕಳ ತರಗತಿಯಲ್ಲಿ ಮೂರೋ ಐದೋ ಮಕ್ಕಳು ಎಂದು ಲೆಕ್ಕ ಹಾಕಿದರೆ ಅದು ದೂರದ ಸಂಗತಿಯಾಗಿ ಉಳಿಯುವುದಿಲ್ಲ.

ಈಗ ಮತ್ತೆ ಮಂಗಳವಾರದ ಮನೆಗೆ ಬರೋಣ. ವಾರಾನ್ನ ಕೊಟ್ಟ ಆ ತಾಯಿಗೆ ಎಮಿ ವರ್ನರ್ ಗೊತ್ತಿರಲಿಲ್ಲ. ಆದರೆ ಆ ಏರ್ಪಾಡಿನೊಳಗೇ ಒಂದು ಜಾಣತನ ಕೂತಿತ್ತು. ಏಳು ಮನೆಯ ಏಳು ಜನ ದೊಡ್ಡವರು ವಾರಕ್ಕೊಮ್ಮೆ ಆ ಹುಡುಗನ ಮುಖ ನೋಡುತ್ತಿದ್ದರು. ಸೊರಗಿದ್ದಾನೆಯೇ, ಅಂಗಿ ಹರಿದಿದೆಯೇ, ಕೆಮ್ಮುತ್ತಿದ್ದಾನೆಯೇ, ಊರಿನಿಂದ ಕಾಗದ ಬಂತೇ. ಬರಲಿಲ್ಲವೆಂದರೆ ಎಲೆ ಖಾಲಿ. ಖಾಲಿ ಎಲೆ ಕಣ್ಣಿಗೆ ಬೀಳುತ್ತದೆ. ಊಟದಷ್ಟೇ ದೊಡ್ಡದು ಆ ಗಮನ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬೂಟಾಟಿಕೆ. ಬಸವನಗುಡಿಯ ಬಗ್ಗೆ ಬರೆಯುವ ಎಷ್ಟೋ ಬರಹಗಳು ಇಲ್ಲಿಗೇ ನಿಂತು ಕಾಫಿ ಕುಡಿಯಲು ಹೋಗಿಬಿಡುತ್ತವೆ. ಆ ಎಲೆಯ ಮುಂದೆ ಯಾರು ಕೂರಬಹುದಿತ್ತು? ವಾರಾನ್ನ ಬಹುಮಟ್ಟಿಗೆ ಸ್ವಜಾತಿಯ ಹುಡುಗರಿಗೆ. ಬ್ರಾಹ್ಮಣರ ಮನೆಯಲ್ಲಿ ಬ್ರಾಹ್ಮಣ ವಟು. ಲಿಂಗಾಯತ ಹುಡುಗನಿಗೆ ಮಠದ ದಾಸೋಹ ಇತ್ತು. ಹೊಲೆಯ, ಮಾದಿಗ, ಭೋವಿ ಕೇರಿಯ ಹುಡುಗನಿಗೆ ಪಡಸಾಲೆ ಹೋಗಲಿ, ಬೀದಿಯಲ್ಲಿ ನಿಲ್ಲಲೂ ಕಷ್ಟವಿತ್ತು. ಶಾಲೆಯ ಬಾಗಿಲೇ ಎಲ್ಲ ಜಾತಿಗೂ ತೆರೆಯಬೇಕೆಂದು ಮೈಸೂರು ಸರ್ಕಾರ ಹುಕುಂ ಹೊರಡಿಸಿದ್ದು 1915ರ ಸುಮಾರಿಗೆ; ಆ ಹುಕುಮಿಗೆ ಊರೂರಲ್ಲೂ ವಿರೋಧ ಬಂತು. ಹುಡುಗಿಯಂತೂ ವಾರಾನ್ನದ ಲೆಕ್ಕದಲ್ಲೇ ಇರಲಿಲ್ಲ. ಪರವೂರಿಗೆ ಹೋಗಿ ಬೇರೆಯವರ ಮನೆಯಲ್ಲಿ ಉಂಡು ಓದುವ ಹುಡುಗಿಯನ್ನು ಆ ಕಾಲ ಕಲ್ಪಿಸಿಕೊಳ್ಳಲೂ ಇಲ್ಲ.

ಊಟ ಸಿಕ್ಕ ಹುಡುಗನಿಗೂ ಅದು ಋಣ. ತಂಗಳು ಬಡಿಸಿದರೆ ಸುಮ್ಮನೆ ಉಣ್ಣಬೇಕು. ಮನೆಯ ಮಗ ಫೇಲಾಗಿ ವಾರದ ಹುಡುಗ ಪಾಸಾದರೆ ಮುಖಗಳು ಬಿಗಿಯಾಗುತ್ತವೆ. ಯಾರಾದರೂ ಕೈ ಮಾಡಿದರೂ, ಕೆಟ್ಟದಾಗಿ ನಡೆದುಕೊಂಡರೂ ಹೇಳಿಕೊಳ್ಳುವುದು ಯಾರ ಹತ್ತಿರ? ಹೇಳಿದರೆ ಮಂಗಳವಾರದ ಊಟ ಹೋಗುತ್ತದೆ. ಹೊಟ್ಟೆ ಒಬ್ಬರ ಮರ್ಜಿಯಲ್ಲಿರುವಾಗ ಬಾಯಿ ತೆರೆಯುವುದು ಕಷ್ಟ.

ಈ ಕೊರತೆಗಳನ್ನು ಕಂಡವರು ಅದೇ ಬೀದಿಗಳಲ್ಲೇ ಇದ್ದರು. 20ನೇ ಶತಮಾನದ ಮೊದಲ ದಶಕದಲ್ಲೇ ಬಸವನಗುಡಿಯಲ್ಲಿ ಎಳೆಯ ವಿಧವೆಯರಿಗಾಗಿ ಅಬಲಾಶ್ರಮ ಹುಟ್ಟಿತು. ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದ ಹುಡುಗಿಯರಿಗೆ ಅಲ್ಲಿ ಅಕ್ಷರ ಸಿಕ್ಕಿತು, ಕೈಕೆಲಸ ಸಿಕ್ಕಿತು. ಮಹಿಳಾ ಸೇವಾ ಸಮಾಜ ಶುರುವಾದದ್ದು 1913ರಲ್ಲಿ. ಚಾಮರಾಜಪೇಟೆಯ ಮಕ್ಕಳ ಕೂಟದ ವೃತ್ತವನ್ನು ದಿನವೂ ದಾಟುವ ಸಾವಿರಾರು ಜನರಿಗೆ ಆ ಹೆಸರಿನ ಹಿಂದಿರುವ ಆರ್. ಕಲ್ಯಾಣಮ್ಮ ಯಾರೆಂದು ಗೊತ್ತಿರಲಿಕ್ಕಿಲ್ಲ. ಬಾಲ್ಯದಲ್ಲೇ ವಿಧವೆಯಾದ ಅವರು 'ಸರಸ್ವತಿ' ಎಂಬ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. 1938ರಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟ ಕಟ್ಟಿ ಹಾಡು, ಆಟ, ನಾಟಕಕ್ಕೆ ಮಕ್ಕಳನ್ನು ಸೇರಿಸಿದರು. ಬಾಲ್ಯವನ್ನೇ ಕಸಿದುಕೊಂಡ ಸಮಾಜಕ್ಕೆ ಆಕೆ ಕೊಟ್ಟ ಉತ್ತರ ಮಕ್ಕಳು ಒಟ್ಟಿಗೆ ಕೂಗಾಡುವ ಒಂದು ಅಂಗಳ. ಗಾಯಗೊಂಡ ಮನಸ್ಸಿಗೆ ಮೊದಲು ಬೇಕಾದದ್ದು ಹೆದರಿಕೆಯಿಲ್ಲದೆ ಆಡಬಹುದಾದ ಜಾಗ ಎಂದು ಇಂದಿನ ಮನೋವೈದ್ಯರೂ ಹೇಳುತ್ತಾರೆ.

ಜಾತಿಯ ಕೊರತೆಗೆ ಬಂದ ಉತ್ತರ ಹಾಸ್ಟೆಲ್. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ತೆರೆದ ಗಾಳಿ ಮೈಸೂರು ಸೀಮೆಗೂ ಬೀಸಿತು. ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯನ್ನು ರೈಲು ನಿಲ್ದಾಣದ ಹತ್ತಿರದ ಛತ್ರಕ್ಕೂ ಲಿಂಗಾಯತ ಹುಡುಗರ ವಿದ್ಯಾರ್ಥಿನಿಲಯಕ್ಕೂ ಧಾರೆಯೆರೆದರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಹಳ್ಳಿಯ ರೈತರ ಮಕ್ಕಳಿಗೆ ಊರಿನಲ್ಲಿ ಸೂರು ಕೊಟ್ಟಿತು. ಬ್ರಾಹ್ಮಣರಾಗಿ ಹುಟ್ಟಿ ದಲಿತ ಮಕ್ಕಳ ಓದಿಗೆ ಜೀವ ಸವೆಸಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರು ಒಂದು ಹಾಸ್ಟೆಲಿನಲ್ಲಿ ಉಳಿಯಿತು. ಮಿಲ್ಲರ್ ಸಮಿತಿಯ 1919ರ ವರದಿಯ ಮೇಲೆ ಹಿಂದುಳಿದವರಿಗೆ ವಿದ್ಯಾರ್ಥಿವೇತನ, ನೌಕರಿಯ ಪಾಲು ಬಂತು. ಉಪಕಾರವಾಗಿದ್ದ ಊಟ ನಿಧಾನವಾಗಿ ಹಕ್ಕಾಯಿತು.

ಹಕ್ಕಿನ ಊಟಕ್ಕೂ ಉಪಕಾರದ ಊಟಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ' ಓದಬೇಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಸಂಸಾರ ಮಲ್ಲೇಶ್ವರದ ಪಕ್ಕದ ಶ್ರೀರಾಮಪುರದಲ್ಲಿ ನೆಲೆ ಹುಡುಕಿತು. ಓದಲು ನಿಶ್ಶಬ್ದ ಬೇಕೆಂದು ಆ ಹುಡುಗ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ. ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಸೇರಿದ ಮೇಲೆ ಸಿಕ್ಕಿದ್ದು ತನ್ನಂಥವರ ಗುಂಪು. ಅಲ್ಲಿ ಊಟ ಸರಿಯಿಲ್ಲದಿದ್ದರೆ ಜಗಳ ಆಡಬಹುದಿತ್ತು. ಈ ಮಾತನ್ನು ಇನ್ನೊಮ್ಮೆ ಓದಿ. ವಾರದ ಮನೆಯಲ್ಲಿ ಸಾರು ಸಪ್ಪೆ ಎನ್ನುವ ಧೈರ್ಯ ಯಾವ ಹುಡುಗನಿಗಿತ್ತು? ಜಗಳ ಆಡಲು ಕಲಿತ ಆ ಹುಡುಗರೇ ಮುಂದೆ ಮಾತಾಡಲು ಕಲಿತರು, ಬರೆಯಲು ಕಲಿತರು. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ "ಬೂಸಾ" ಮಾತಿಗೆ ಗಲಭೆ ಎದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ಬೆನ್ನಿಗೆ ನಿಂತದ್ದು ಈ ಹಾಸ್ಟೆಲುಗಳ ಒಗ್ಗಟ್ಟು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು ಆ ಬೇಗೆಯಿಂದ. ಅವಮಾನವನ್ನು ಒಬ್ಬನೇ ನುಂಗಿದರೆ ಅದು ವಿಷ. ನಾಲ್ಕು ಜನ ಕೂತು ಅದನ್ನೇ ಹೇಳಿಕೊಂಡು ನಕ್ಕರೆ, ಸಿಟ್ಟಾದರೆ, ಹಾಡಿದರೆ ಅದರ ನಂಜು ಇಳಿಯುತ್ತದೆ. 'ಊರು ಕೇರಿ'ಯ ಪುಟಪುಟದಲ್ಲಿ ಬರುವ ನಗು ಸುಮ್ಮನೆ ಬಂದದ್ದಲ್ಲ.

ಹಾಗಾದರೆ ಈಗ ಎಲ್ಲ ಸರಿಯಾಗಿರಬೇಕಲ್ಲ? ಕಾಗದದ ಮೇಲೆ ಬಹಳಷ್ಟು ಸರಿಯಾಗಿದೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಇವೆ. ಅಕ್ಷಯ ಪಾತ್ರ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿತು. ಇಂದು ಅದು ದೇಶದ ಉದ್ದಗಲಕ್ಕೆ ಹಬ್ಬಿದೆ. 2017ರ ಆಗಸ್ಟ್‌ನಿಂದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಜಾತಿ ಕೇಳುವವರಿಲ್ಲ, ಋಣವೂ ಇಲ್ಲ. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ನೆರವು ಸಿಗುತ್ತಾ ಬಂದಿದೆ. ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಇವೆಲ್ಲ ಬೇಕು, ಇನ್ನೂ ಹೆಚ್ಚಾಗಬೇಕು. ಆದರೆ ಹಣ ಖಾತೆಗೆ ಬೀಳುತ್ತದೆ. ಅಪ್ಪ ಇಲ್ಲದ ಮೊದಲ ದೀಪಾವಳಿಯ ರಾತ್ರಿ ಆ ಹುಡುಗ ನಿದ್ದೆ ಮಾಡಿದನೇ ಎಂದು ಖಾತೆ ಕೇಳುವುದಿಲ್ಲ.

ಹಕ್ಕು ಬಂತು, ಗಮನ ಹೋಯಿತು. ವಾರಾನ್ನದಲ್ಲಿ ಗಮನ ಇತ್ತು, ಹಕ್ಕಿರಲಿಲ್ಲ. ನೂರು ವರ್ಷದ ಲೆಕ್ಕ ಇಷ್ಟು. ನಮ್ಮ ಮುಂದಿನ ಕೆಲಸ ಎರಡನ್ನೂ ಒಂದೇ ಎಲೆಗೆ ಬಡಿಸುವುದು.

ಅದನ್ನು ಮಾಡುತ್ತಿರುವವರು ಇಲ್ಲವೆಂದಲ್ಲ. 1980ರಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಸಲೇಶಿಯನ್ ಸಭೆಯ ಕೆಲವು ತರುಣರು ಬೀದಿಯಲ್ಲಿ ಮಲಗುವ ಹುಡುಗರ ಜೊತೆ ಹೋಗಿ ಕೂತು ಮಾತಾಡತೊಡಗಿದರು. ಅದರಿಂದ ಹುಟ್ಟಿದ್ದು ಬೆಂಗಳೂರು ಓಣಿಯವರ ಸೇವಾ ಕೂಟ, ಜನ ಕರೆಯುವಂತೆ ಬಾಸ್ಕೊ. ಚಾಮರಾಜಪೇಟೆಯಲ್ಲಿ ಅವರದೊಂದು ಮನೆಯಿದೆ. ಮೆಜೆಸ್ಟಿಕ್‌ನ ರೈಲು, ಬಸ್ಸುಗಳಿಂದ ಇಳಿಯುವ ಮನೆ ಬಿಟ್ಟ ಹುಡುಗನನ್ನು ದಲ್ಲಾಳಿ ಕಾಣುವ ಮೊದಲು ಒಬ್ಬ ಒಳ್ಳೆಯವರು ಕಾಣಬೇಕು ಎಂಬುದು ಇಂಥ ಕೆಲಸದ ಸೂತ್ರ. ತ್ಯಾಜ್ಯ ಆಯುವವರ ನಡುವೆ ಕೆಲಸ ಮಾಡುವ ಹಸಿರು ದಳ ಅವರ ಮಕ್ಕಳಿಗಾಗಿ 'ಬುಗುರಿ' ಎಂಬ ಗ್ರಂಥಾಲಯ ನಡೆಸುತ್ತದೆ. ಅಲ್ಲಿ ಪುಸ್ತಕ ಒಂದು ನೆಪ. ದಿನವೂ ಹೆಸರು ಹಿಡಿದು ಕರೆಯುವ ಅಕ್ಕ ಒಬ್ಬಳು ಇದ್ದಾಳೆ ಎಂಬುದು ದೊಡ್ಡದು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯದ ಯುವಜನ ಇಲಾಖೆ ನಡೆಸುವ 'ಯುವ ಸ್ಪಂದನ'ದಲ್ಲಿ ತರಬೇತಾದ ತರುಣ ತರುಣಿಯರೇ ತಮ್ಮ ವಯಸ್ಸಿನವರ ಕಷ್ಟ ಕೇಳುತ್ತಾರೆ. ವೈದ್ಯರು ಸಾಲದ ಕಡೆ ಇದು ಒಳ್ಳೆಯ ದಾರಿ.

ಈ ಪ್ರಯತ್ನಗಳ ಕಣ್ಣು ತಪ್ಪುವ ಒಂದು ವಯಸ್ಸಿದೆ. ಸರ್ಕಾರಿ ಬಾಲಮಂದಿರದಲ್ಲೋ ಅನಾಥಾಲಯದಲ್ಲೋ ಬೆಳೆದ ಹುಡುಗ ಹುಡುಗಿಗೆ 18 ತುಂಬಿದ ದಿನ ಏನಾಗುತ್ತದೆ ನೋಡಿ. ನಮ್ಮ ಮನೆಯ ಮಗಳಿಗೆ 18 ಆದಾಗ ಕೇಕು ತರುತ್ತೇವೆ. ಅಲ್ಲಿ ಬೆಳೆದವಳಿಗೆ ಅದು ಹೊರಡುವ ದಿನ. ಆಮೇಲೂ ಕೆಲಕಾಲ ಆಸರೆ, ಹಣ, ತರಬೇತಿ ಕೊಡಬೇಕೆಂದು 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ. ಆದರೆ ಬಾಡಿಗೆ ಮನೆ ಹುಡುಕುವಾಗ "ಅಪ್ಪ ಅಮ್ಮ ಎಲ್ಲಿ?" ಎಂದು ಕೇಳುವ ಮನೆ ಮಾಲೀಕರಿಗೆ ಉತ್ತರ ಹೇಳುವ ಒಬ್ಬ ದೊಡ್ಡವರನ್ನು ಯಾವ ಕಾಯ್ದೆಯೂ ಹುಟ್ಟಿಸಿ ಕೊಡಲಾರದು. ಆ ಮಾಲೀಕರು ಬಸವನಗುಡಿಯಲ್ಲೂ ಇದ್ದಾರೆ, ಮಲ್ಲೇಶ್ವರದಲ್ಲೂ ಇದ್ದಾರೆ. ಬಹುಶಃ ಈ ಬರಹವನ್ನೂ ಓದುತ್ತಾರೆ.

ಹಾಗಾದರೆ ನಾವು ಏನು ಮಾಡಬಹುದು? ಹಳೆಯ ವಾರಾನ್ನವನ್ನು ಹಾಗೆಯೇ ಎತ್ತಿ ತರುವುದು ಬೇಡ. ಗೊತ್ತಿಲ್ಲದ ಮಗುವನ್ನು ಒಬ್ಬೊಬ್ಬರ ಮನೆಯೊಳಕ್ಕೆ ಕಳಿಸುವುದು ಇಂದು ಸಲ್ಲದು. ಮಕ್ಕಳ ರಕ್ಷಣೆಗೆಂದೇ ಕಾನೂನುಗಳಿವೆ, ಅವು ಬಂದದ್ದಕ್ಕೆ ಕಾರಣವೂ ಇದೆ. ಮನೆಯ ಬದಲು ಶಾಲೆ, ಹಾಸ್ಟೆಲ್, ವಾಚನಾಲಯದಂಥ ನಾಲ್ಕು ಜನರ ಕಣ್ಣಿರುವ ಜಾಗವೇ ಇರಲಿ. ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ, ವಾರದಲ್ಲಿ ಒಂದು ದಿನ ಒಂದು ಗಂಟೆ ಕೊಡಿ. ಗಣಿತ ಹೇಳಿಕೊಡಿ, ಕತೆ ಓದಿ, ಇಲ್ಲವೇ ಜೊತೆಗೆ ಕೇರಂ ಆಡಿ. ಏನು ಮಾಡುತ್ತೀರಿ ಎಂಬುದಕ್ಕಿಂತ ಅದೇ ದಿನ, ಅದೇ ಹೊತ್ತಿಗೆ, ಒಂದು ವರ್ಷ ತಪ್ಪದೆ ಬರುತ್ತೀರಾ ಎಂಬುದು ಮುಖ್ಯ. ನಾಲ್ಕು ವಾರ ಬಂದು ಮಾಯವಾಗುವ ಹಿತೈಷಿಗಿಂತ ಬಾರದೇ ಇರುವವನೇ ಮೇಲು. ಎಷ್ಟೋ ಜನ ಬಿಟ್ಟುಹೋದದ್ದನ್ನು ನೋಡಿದ ಮಗುವಿನ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುವುದು ಬೇಡ.

ಕೊಡುವಾಗ ಫೋಟೊ ಬೇಡ. ನೋಟ್‌ಬುಕ್ಕಿನ ಕಟ್ಟು ಹಿಡಿದ ಮಗುವಿನ ಪಕ್ಕ ಏಳು ಜನ ದೊಡ್ಡವರು ನಿಂತ ಚಿತ್ರ ಹೊಸ ಕಾಲದ ತಂಗಳು. ಜಾತಿ ಕೇಳಬೇಡಿ, ಅಪ್ಪನ ಕತೆಯನ್ನು ಕೆದಕಬೇಡಿ. ತಾನಾಗಿ ಹೇಳಿದರೆ ಕೇಳಿ. ಕೇಳಿ ಸುಮ್ಮನೆ ಇರಿ, ಬುದ್ಧಿ ಹೇಳಬೇಡಿ. ಹೊಡೆತ, ದೌರ್ಜನ್ಯದ ಮಾತು ಬಂದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳುವುದು ಪ್ರೀತಿಯಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಬದುಕು ಸಾಕು ಎನ್ನುವ ಮಾತು ಬಂದರೆ 14416ರಲ್ಲಿ ಟೆಲಿ ಮಾನಸ್ ಇದೆ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವ ಹೊತ್ತಿನಲ್ಲೂ. ಮೇಷ್ಟರಿಗೂ ಒಂದು ಮಾತು: ಹಾಜರಿ ಪುಸ್ತಕದಲ್ಲಿ ಮೂರು ದಿನ ಸತತ ಗೈರು ಎಂದರೆ ಅದು ಬರೀ ಗೈರಲ್ಲ. ಯಾರಾದರೂ ಒಬ್ಬರು ಆ ಮನೆಗೆ ಹೋಗಿ ಬರಲಿ.

ಊಟ, ಫೀಜು, ಸೂರು ಸರ್ಕಾರದ ಹೊಣೆ. ಅದನ್ನು ಬಿಡದೆ ಕೇಳಿ ಪಡೆಯಬೇಕು, ನಮ್ಮ ದಾನದಿಂದ ಅದನ್ನು ತುಂಬಿಸುತ್ತೇವೆಂಬ ಹಮ್ಮು ಬೇಡ. ಆದರೆ ಗಮನವನ್ನು ಬಜೆಟ್ಟಿನಲ್ಲಿ ತೆಗೆದಿಡಲಾಗದು. ಅದು ನೆರೆಹೊರೆಯ ಬಾಕಿ. ಮಂಗಳವಾರ ಬರಬೇಕಾದ ಹುಡುಗ ಬರಲಿಲ್ಲವೆಂದರೆ, ಬುಧವಾರ ಬೆಳಗ್ಗೆ ಯಾರಾದರೂ ಅವನನ್ನು ಹುಡುಕಿಕೊಂಡು ಹೋಗಲೇಬೇಕು.